ಮೊದಲ ಕಪ್ ಮತ್ತು ಲಂಗದ ಲಾಡಿ

ನೀವು ಜೀವಮಾನದಲ್ಲಿ ಹೇಳಿದ ಸುಳ್ಳುಗಳಲ್ಲಿ ಯಾವುದಕ್ಕಾದರೂ ಕಪ್ ಸಿಕ್ಕಿದೆಯೇ? ಯೋಚಿಸಿ ಹೇಳಿ, ಅವಸರವಿಲ್ಲ. ನನಗೆ ಸಿಕ್ಕಿದೆ. ಬೆಳ್ಳಿ ಬಣ್ಣದ್ದು, ಎರಡು ಕಿವಿಯದ್ದು, ಅದರಲ್ಲಿ ಒಂದು ಕಿವಿ ಸ್ವಲ್ಪ ಸೊಟ್ಟ. ಅದು ನನ್ನ ಮನೆಯಲ್ಲಿಲ್ಲ. ನನ್ನ ಗಂಡ ಮೂವತ್ತು ಚಿಲ್ಲರೆ ವರ್ಷ ಪಿ.ಟಿ. ಮಾಸ್ಟ್ರಾಗಿದ್ದ ಹೈಸ್ಕೂಲಿನ ಗಾಜಿನ ಕಪಾಟಿನಲ್ಲಿ, ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ ಕೂತಿದೆ. ಅದನ್ನು ಗೆದ್ದವರು ಹನ್ನೊಂದು ಹುಡುಗರು ಎಂದು ಲೋಕ ತಿಳಿದಿದೆ. ಹುಡುಗರು ಓಡಿದ್ದು, ಬಿದ್ದದ್ದು, ಮೊಣಕಾಲು ತರಚಿಕೊಂಡದ್ದು ಎಲ್ಲ ನಿಜ. ಆದರೆ ಕಪ್ ಬಂದದ್ದು ಗೋಲಿನ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದ ನನ್ನ ಒಂದೇ ಒಂದು ಮಾತಿನಿಂದ.

ನಲವತ್ತೈದು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಈಗ ಹೊರಬರುವುದಕ್ಕೆ ಮೊಮ್ಮಗಳು ಶ್ರಾವ್ಯ ಕಾರಣ. ಅವಳು ಅದೇ ಶಾಲೆಯಲ್ಲಿ ಒಂಬತ್ತನೇ ಕ್ಲಾಸು, ಹುಡುಗಿಯರ ಫುಟ್‌ಬಾಲ್ ತಂಡದಲ್ಲಿ ಆಡುತ್ತಾಳೆ. ಮೊದಲನೇ ಪಂದ್ಯದಲ್ಲೇ ಗೋಲು ಹೊಡೆದಳು, ನಮ್ಮದೇ ಗೋಲಿಗೆ. ಕಳೆದ ತಿಂಗಳು ಅವಳು ನನಗೆ ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಕಲಿಸಿದಳು. ಬಂಗುಡೆಯ ಮುಳ್ಳು ಬಿಡಿಸುವ ಹಾಗೆ ಒಂದೊಂದೇ ಅಕ್ಷರ ಬಿಡಿಸಿ ಹಾಕುತ್ತೇನೆ. ಒತ್ತಕ್ಷರ ಬಂದರೆ ಚಾ ಕುಡಿದು ಬಂದು ಮುಂದುವರಿಸುತ್ತೇನೆ. ಹೀಗೆ ಟೈಪ್ ಮಾಡುವ ಹೆಂಗಸು ಮನೆಯಲ್ಲಿ ಸಿದ್ಧವಾದ ಹೊತ್ತಿಗೆ ಸರಿಯಾಗಿ ಶಾಲೆಯ ಹೆಡ್‌ಮಿಸ್ಟ್ರೆಸ್ಸಿನ ಫೋನ್ ಬಂತು. ಶಾಲೆಯ ಉದ್ದ ಜಗಲಿಯ ಗೋಡೆಗೆ ಹೊಸದಾಗಿ ಸುಣ್ಣ ಬಳಿಸಿದ್ದಾರಂತೆ. ನಮ್ಮ ಫುಟ್‌ಬಾಲಿಗೆ ಹೆಸರು ತಂದ ಪಂದ್ಯಗಳನ್ನು ದೊಡ್ಡ ಅಕ್ಷರದಲ್ಲಿ ಅದರ ಮೇಲೆ ಬರೆಸುತ್ತಾರಂತೆ. ಮಾಸ್ಟ್ರು ನೆನಪು ಮಾಡಿ ಕೊಡಬೇಕಂತೆ. ಮಾಸ್ಟ್ರಿಗೆ ಎಪ್ಪತ್ತೆಂಟು. ನೆನಪು ಬೇಕಾದಷ್ಟು ಉಂಟು, ಕೈ ಮಾತ್ರ ನಡುಗುತ್ತದೆ. ಹಾಗಾಗಿ ಅವರು ಮಂಗಳೂರಿನ ಉರ್ವದ ನಮ್ಮ ಮನೆಯ ಚಾವಡಿಯಲ್ಲಿ ಕೂತು ಹೇಳುವುದು, ನಾನು ಒಂದು ಬೆರಳಲ್ಲಿ ಬರೆಯುವುದು ಎಂದಾಯಿತು.

"ಬರೆ," ಅಂದರು ಮಾಸ್ಟ್ರು, ಕನ್ನಡಕ ಒರೆಸಿಕೊಂಡು.

"ಎಂತ ಬರೆಯುದು? ಮೊದಲಿನಿಂದ ಬರೆಯುದಾದ್ರೆ ಒಂಬತ್ತು ಗೋಲಿನದ್ದು ಉಂಟಲ್ಲ."

"ಅದು ಬೇಡ ಮಾರಾಯ್ತಿ. ಹೆಸರು ತಂದದ್ದು ಕೇಳಿದ್ದು ಅವ್ರು."

"ಅದೂ ಹೆಸರು ತಂದದ್ದೇ. ಆರು ತಿಂಗಳು ಎಲ್ರೂ ನಿಮ್ಮನ್ನು ಒಂಬತ್ತು ಮಾಸ್ಟ್ರು ಅಂತಿದ್ರು."

ನಮ್ಮ ಶಾಲೆ ಆಡಿದ ಮೊಟ್ಟಮೊದಲ ಪಂದ್ಯವದು, ಒಂಬತ್ತು–ಸೊನ್ನೆಯಲ್ಲಿ ಸೋತಿದ್ದೆವು. ಹತ್ತನೆಯದೂ ಹೋಗಬೇಕಿತ್ತು, ಅಷ್ಟರಲ್ಲಿ ಪುಣ್ಯಕ್ಕೆ ಚೆಂಡಿನ ಗಾಳಿ ಹೋಯಿತು. ಮಾಸ್ಟ್ರು ಅಳುತ್ತಿದ್ದ ಹುಡುಗರನ್ನೆಲ್ಲ ಸೀದಾ ಮನೆಗೆ ಕರೆತಂದರು, ನಾನು ಇದ್ದಬದ್ದ ಬೂತಾಯಿ ಮೀನನ್ನೆಲ್ಲ ಹುಳಿಖಾರದ ಪುಳಿಮುಂಚಿ ಮಾಡಿ ಬಡಿಸಿದೆ. ಒಂಬತ್ತು ಗೋಲು ಬಿಟ್ಟ ಗೋಲ್‌ಕೀಪರ್ ಹದಿನಾಲ್ಕು ಬೂತಾಯಿ ತಿಂದ, ಒಂದನ್ನೂ ಬಿಡಲಿಲ್ಲ. ಆವತ್ತಿನಿಂದ ಪಂದ್ಯ ಮುಗಿದ ಮೇಲೆ ಹುಡುಗರು ನಮ್ಮಲ್ಲಿಗೆ ಊಟಕ್ಕೆ ಬರುವುದು ಪದ್ಧತಿಯಾಯಿತು. ತಂಡಕ್ಕೆ ಸೇರುವ ಹುಡುಗರ ಸಂಖ್ಯೆಯೂ ಹೆಚ್ಚಾಯಿತು. ಮಾಸ್ಟ್ರು ಅದನ್ನು ಆಟದ ಮೇಲಿನ ಪ್ರೀತಿ ಎಂದು ತಿಳಿದಿದ್ದರು.

ಮೊದಲಿಗೆ ಬೈಕಂಪಾಡಿಯ ಪಂದ್ಯ ಬರೆಸಿದರು. ಅದು ಒಳ್ಳೆಯ ಪಂದ್ಯ, ಅದರಲ್ಲಿ ನನ್ನ ಕೈವಾಡ ಏನೂ ಇಲ್ಲ. ಆವತ್ತು ನಮ್ಮ ಬಸ್ಸು ಲಾರಿಗಳ ಸಾಲಿನ ಹಿಂದೆ ಸಿಕ್ಕಿಹಾಕಿಕೊಂಡು ಮುಂದೆಯೂ ಇಲ್ಲ ಹಿಂದೆಯೂ ಇಲ್ಲ. ಪಂದ್ಯಕ್ಕೆ ಅರ್ಧ ಗಂಟೆ ಉಂಟು. ಮಾಸ್ಟ್ರು "ಇಳಿಯಿರಿ, ಓಡಿ!" ಅಂದರು. ಹೆದ್ದಾರಿಯ ಬದಿಯಲ್ಲಿ ಹದಿನಾರು ಹುಡುಗರು, ಅವರ ಹಿಂದೆ ಸೀಟಿ ಊದುತ್ತ ಮಾಸ್ಟ್ರು, ಮಾಸ್ಟ್ರ ಹಿಂದೆ ಅವಲಕ್ಕಿ ಡಬ್ಬ ಹಿಡಿದುಕೊಂಡು ನಾನು. ನೋಡಿದವರಿಗೆ ಏನು ಅನಿಸಬೇಕು? ಒಂದು ಲಾರಿಯ ಕ್ಲೀನರ್ ಕೆಳಗೆ ಹಾರಿ ನಮ್ಮ ಸೆಂಟರ್ ಫಾರ್ವರ್ಡನ್ನು ಕಳ್ಳನೆಂದು ಹಿಡಿದೇಬಿಟ್ಟ. ಅವನನ್ನು ಬಿಡಿಸಿಕೊಂಡು ಮೈದಾನಕ್ಕೆ ತಲುಪಿದಾಗ ಹುಡುಗರ ಮೈ ಇಂಜಿನಿನಂತೆ ಬಿಸಿಯಾಗಿತ್ತು. ಎದುರಿನ ತಂಡದವರು ನೆರಳಲ್ಲಿ ಕೂತು ತಣ್ಣಗಾಗಿದ್ದರು. ನಾಲ್ಕು–ಒಂದರಲ್ಲಿ ಗೆದ್ದೆವು. ಆಮೇಲೆ ಎಷ್ಟೋ ವರ್ಷ ಮಾಸ್ಟ್ರು ಎಲ್ಲ ಪಂದ್ಯಕ್ಕೂ ಹುಡುಗರನ್ನು ಒಂದು ಮೈಲು ಮೊದಲೇ ಬಸ್ಸಿನಿಂದ ಇಳಿಸುತ್ತಿದ್ದರು.

"ಈಗ ಮೊದಲ ಕಪ್ಪಿನದ್ದು ಬರೆ," ಅಂದರು. ಬೆನ್ನು ನೆಟ್ಟಗೆ ಮಾಡಿ ಕೂತರು. ಅವರ ಧ್ವನಿಯೇ ಬೇರೆಯಾಯಿತು. "ಒಂದು–ಸೊನ್ನೆ. ಕೊನೆಯ ಐದು ನಿಮಿಷ ಉಳಿದಿರುವಾಗ ಎದುರಾಳಿ ತಂಡದ ಸುಧಾಕರನು ತೆರೆದ ಗೋಲನ್ನು ಬಿಟ್ಟನು. ಬರೆದ್ಯಾ?"

ನನ್ನ ಬೆರಳು 'ಸುಧಾಕರ' ಎಂಬಲ್ಲಿಗೆ ಬಂದು ನಿಂತಿತು. "ಚಾರ್ಜ್ ಇಲ್ಲ," ಎಂದು ಮೊಬೈಲ್ ಮಡಚಿಟ್ಟೆ. ಮೊಬೈಲ್ ಮಡಚುವಂಥದ್ದಲ್ಲ, ಸೆರಗಿನಲ್ಲಿ ಮಡಚಿದ್ದು.

ಈಗ ಆ ಪಂದ್ಯದ ವಿಷಯ ಹೇಳಬೇಕು. ಆ ಕಾಲದಲ್ಲಿ ಶಾಲೆಗಳ ಗೋಲಿಗೆ ಬಲೆ ಎಲ್ಲಿತ್ತು? ಎರಡು ಕಂಬ, ಮೇಲೊಂದು ಅಡ್ಡ. ಚೆಂಡು ಒಳಗೆ ಹೋಯಿತೋ ಹೊರಗೆ ಹೋಯಿತೋ ಎಂದು ಜಗಳವಾಗದ ಪಂದ್ಯವೇ ಇರಲಿಲ್ಲ. ಆ ವರ್ಷ ಫೈನಲ್ ನಮ್ಮ ಶಾಲೆಯ ಮೈದಾನದಲ್ಲೇ ಎಂದಾದಾಗ, ಪಂದ್ಯ ನಡೆಸುವವರು ಎರಡೂ ಗೋಲಿಗೆ ಬಲೆ ಇರಲೇಬೇಕೆಂದರು. ಮಾಸ್ಟ್ರು ಮುಖ ಸಣ್ಣದು ಮಾಡಿಕೊಂಡು ಬಂದರು. "ಬಲೆಗೆ ಎಂತಕ್ಕೆ ಚಿಂತೆ? ನೀವು ಮದುವೆಯಾದದ್ದು ಯಾರ ಮನೆಯ ಹುಡುಗಿಯನ್ನು?" ಎಂದೆ. ನನ್ನ ತವರು ಹೊಳೆಯಾಚೆ ಬೆಂಗ್ರೆಯಲ್ಲಿ, ತಲೆತಲಾಂತರದಿಂದ ಕಡಲಿಗೆ ಹೋಗುವವರು. ದೋಣಿ ದಾಟಿ ಹೋಗಿ ಅಣ್ಣನ ಹತ್ತಿರ ಎರಡು ಹಳೆ ನೈಲಾನ್ ಬಲೆ ಹೊರಿಸಿಕೊಂಡು ಬಂದೆ. ಬಲೆಯ ಹರಿದ ಕಣ್ಣುಗಳನ್ನು ಹೆಣೆಯುವುದನ್ನು ಅಪ್ಪ ನನಗೆ ಏಳು ವರ್ಷಕ್ಕೇ ಕಲಿಸಿದ್ದರು. ನಾನು ಹೆಣೆದ ಕಡೆ ಯಾವುದು ಹೊಸದು ಯಾವುದು ಹಳೆಯದು ಎಂದು ಮೀನಿಗೂ ಗೊತ್ತಾಗುತ್ತಿರಲಿಲ್ಲ. ಈ ಜಂಬವನ್ನು ಟೀಚರುಗಳ ಎದುರು, ಹುಡುಗರ ಎದುರು, ಹಾಲಿನವನ ಎದುರು ಒಂದು ವಾರ ಕೊಚ್ಚಿಕೊಂಡೆ.

ಮೊದಲನೇ ಬಲೆಯನ್ನು ಚೊಕ್ಕ ಮಾಡಿ ಮುಗಿಸಿದೆ. ಎರಡನೆಯದರ ಬಲಗಡೆ ಕೆಳಮೂಲೆಯಲ್ಲಿ ಒಂದು ತೂತು, ಆಳಿನ ತಲೆ ಹೋಗುವಷ್ಟು. ಫೈನಲಿನ ದಿನ ಬೆಳಿಗ್ಗೆ ಅದನ್ನು ಹಿಡಿದು ಕೂತಿದ್ದೆ, ನಾಲ್ಕು ಕಣ್ಣು ಹೆಣೆದಿರಲಿಲ್ಲ, ಮೀನಿನವಳು ಗೇಟಿನಲ್ಲಿ ಕೂಗಿದಳು. ಅಂಜಲ್! ಹುಡುಗರು ಗೆದ್ದರೆ ರಾತ್ರಿಗೆ ಅಂಜಲ್ ಫ್ರೈ, ಸೋತರೆ ಬೂತಾಯಿ ಎಂದು ನಾನೇ ಹೇಳಿದ್ದೆ. ಅವಳೊಡನೆ ಚೌಕಾಸಿ ಮಾಡಿ, ಅವಳ ಮಗಳ ಬಾಣಂತನದ ಸುದ್ದಿ ಕೇಳಿ, ಮೀನು ಕೊಯ್ದು ಮಸಾಲೆ ಹಚ್ಚಿ ತಲೆ ಎತ್ತುವಾಗ ಹುಡುಗರು ಬಲೆ ಕೊಂಡೊಯ್ಯಲು ಬಂದು ನಿಂತಿದ್ದರು. ದಾರ ಹುಡುಕಲು ಹೊತ್ತಿಲ್ಲ. ಹಗ್ಗದಲ್ಲಿ ಒಣಗುತ್ತಿದ್ದ ನನ್ನ ಒಳಲಂಗದ ಲಾಡಿಯನ್ನು ಸರ್ರನೆ ಎಳೆದು ತೂತಿನ ಎರಡು ಅಂಚನ್ನು ಸೇರಿಸಿ ಕಟ್ಟಿಬಿಟ್ಟೆ. ಬಿಳಿ ಬಲೆಗೆ ಬಿಳಿ ಲಾಡಿ, ಯಾರು ನೋಡುತ್ತಾರೆ? ಆದರೂ ಹೆದರಿಕೆಗೆ ಪಂದ್ಯದ ಹೊತ್ತಿಗೆ ಅದೇ ಗೋಲಿನ ಹಿಂದೆ ಹೋಗಿ ಕೂತೆ.

ಬಲೆಗಳನ್ನು ಎಷ್ಟು ತೊಳೆದಿದ್ದರೂ ವಾಸನೆ ಹೋಗಿರಲಿಲ್ಲ. ಮೈದಾನದ ಮೇಲೆ ಗಿಡುಗಗಳು ಸುತ್ತತೊಡಗಿದವು. ಗೋಲಿನ ಅಡ್ಡಪಟ್ಟಿಯ ಮೇಲೆ ಕಾಗೆಗಳ ಸಭೆ. ಎದುರಿನ ತಂಡದ ಗೋಲ್‌ಕೀಪರ್ ಬಯಲು ಸೀಮೆಯಿಂದ ಬಂದ ಪಾಪದ ಹುಡುಗ, ಮೂಗಿಗೆ ಕರ್ಚೀಫ್ ಕಟ್ಟಿಕೊಂಡೇ ನಿಂತಿದ್ದ. ಅವನು ಅದನ್ನು ಸರಿಮಾಡಿಕೊಳ್ಳುವಾಗಲೇ ನಮ್ಮ ಒಂದು ಗೋಲು ಹೋದದ್ದು. ಹಾಫ್ ಟೈಮಿಗೆ ಕಡೆ ಬದಲಾಯಿತು. ನನ್ನ ತೂತಿನ ಗೋಲನ್ನು ನಮ್ಮವರೇ ಕಾಯುವ ಹಾಗಾಯಿತು. ಕೊನೆಯ ಐದು ನಿಮಿಷ. ಎದುರಿನವರ ಸುಧಾಕರ, ಹತ್ತನೇ ಕ್ಲಾಸಿನವ, ಸಪೂರದ ಹುಡುಗ, ಬಲಗಡೆಯಿಂದ ಗಾಳಿಯ ಹಾಗೆ ನುಗ್ಗಿ ಬಂದ. ಹದಿನಾಲ್ಕು ಬೂತಾಯಿಯ ನಮ್ಮ ಗೋಲ್‌ಕೀಪರ್ ಎದುರು ಹೋಗಿ ಮುಖ ಅಡಿಯಾಗಿ ಬಿದ್ದ. ಸುಧಾಕರ ಮೆಲ್ಲ ಚೆಂಡು ತಟ್ಟಿದ. ಅದು ಕಂಬದ ಒಳಬದಿಯಿಂದ ಸೀದಾ ಆ ಮೂಲೆಗೇ ಬಂತು, ಲಾಡಿಯ ಗಂಟು ಬಿಚ್ಚಿತು, ಚೆಂಡು ತೂತಿನಿಂದ ನುಸುಳಿ ನನ್ನ ಮಡಿಲಲ್ಲಿ ಬಂದು ಕೂತಿತು.

ಅವನನ್ನು ಬಿಟ್ಟರೆ ಯಾರೂ ನೋಡಲಿಲ್ಲ. ರೆಫ್ರಿ ದೂರದಲ್ಲಿದ್ದರು. ಗೆರೆಯ ಹತ್ತಿರ ಬಾವುಟ ಹಿಡಿದು ನಿಂತಿರಬೇಕಾದವರು ಗಿಡುಗವೊಂದು ತಲೆಯ ಮೇಲಿಂದ ಹಾದದ್ದಕ್ಕೆ ಕಣ್ಣು ಮುಚ್ಚಿ ಕೂತುಬಿಟ್ಟಿದ್ದರು. ಸುಧಾಕರ ಎರಡೂ ಕೈ ಎತ್ತಿ ಕುಣಿಯುತ್ತಿದ್ದ, ನಮ್ಮ ಹುಡುಗರು "ಔಟ್! ಔಟ್!" ಎಂದು ಬೊಬ್ಬೆ ಹಾಕುತ್ತಿದ್ದರು. ರೆಫ್ರಿ ಓಡಿಕೊಂಡು ಬಂದರು. ಅಷ್ಟರಲ್ಲಿ ನನ್ನ ಕೈ ತನ್ನಷ್ಟಕ್ಕೇ ಲಾಡಿಯನ್ನು ಮತ್ತೆ ಕಟ್ಟಿಯಾಗಿತ್ತು. "ಅಮ್ಮ, ನೀವೇ ಹತ್ರ ಇದ್ದದ್ದು. ಬಾಲ್ ಬಲೆಯ ಒಳಗಿಂದ ಬಂತಾ, ಹೊರಗಿಂದ ಬಂತಾ?" ಎಂದು ಬಹಳ ಮರ್ಯಾದೆಯಿಂದ ಕೇಳಿದರು.

ದೇವರಾಣೆ ಹೇಳುತ್ತೇನೆ, ಆ ಕ್ಷಣದಲ್ಲಿ ನನಗೆ ಕಪ್ಪೂ ನೆನಪಿರಲಿಲ್ಲ, ಶಾಲೆಯೂ ನೆನಪಿರಲಿಲ್ಲ, ಗಂಡನೂ ನೆನಪಿರಲಿಲ್ಲ. ನೆನಪಾದದ್ದು ಎರಡೇ. ಒಳಗಿಂದ ಎಂದರೆ ತೂತು ಉಂಟೆಂದಾಗುತ್ತದೆ, ಬೆಂಗ್ರೆಯ ಮನೆಯ ಮಗಳ ಕೈಯಲ್ಲಿ ಒಂದು ಬಲೆ ಸರಿ ಮಾಡಲು ಆಗಲಿಲ್ಲ ಎಂದಾಗುತ್ತದೆ. ರೆಫ್ರಿ ಬಗ್ಗಿ ನೋಡಿದರೆ ಇಡೀ ಮೈದಾನದ ಎದುರು ನನ್ನ ಲಂಗದ ಲಾಡಿಯನ್ನು ಎಳೆದು ತೆಗೆಯುತ್ತಾರೆ.

"ಹೊರಗೆ," ಎಂದೆ.

ಅಷ್ಟೇ. ಒಂದು–ಸೊನ್ನೆ. ಕಪ್ ಬಂತು. ರಾತ್ರಿ ಅಂಜಲ್ ಫ್ರೈ ತಿನ್ನುತ್ತ ಮಾಸ್ಟ್ರು "ಎಲ್ಲ ಪ್ಲಾನ್ ಮಾಡಿ ಆಡ್ಸಿದ್ದು" ಎಂದು ನನಗೆ ವಿವರಿಸಿದರು, ನಾನು ಹೂಂಗುಟ್ಟಿದೆ. ಕಪ್ ಬಂದ ಮೇಲೆ ಶಾಲೆಯ ಹಣೆಬರಹವೇ ತಿರುಗಿತು. ಬೆಂಗ್ರೆಯ ಹುಡುಗರು, ಉರ್ವದ ಹುಡುಗರು, ಫುಟ್‌ಬಾಲಿಗೆಂದೇ ನಮ್ಮಲ್ಲಿಗೆ ಸೇರಿದರು. ಬೈಕಂಪಾಡಿಯ ಒಂದು ಕಾರ್ಖಾನೆಯವರು ಬೂಟು ಕೊಟ್ಟರು. ಅಲ್ಲಿಯವರೆಗೆ ಬರಿಗಾಲಲ್ಲಿ ಚೆನ್ನಾಗಿ ಆಡುತ್ತಿದ್ದವರು ಒಂದು ತಿಂಗಳು ಬೂಟಿಗೆ ಎಡವಿ ಎಡವಿ ಬಿದ್ದರು, ಆಮೇಲೆ ಸರಿಯಾಯಿತು. ಮುಂದೆ ಬಂದ ಕಪ್‌ಗಳೆಲ್ಲ ನ್ಯಾಯವಾಗಿ ಬಂದವು.

ಆದರೆ ಸುಧಾಕರ? ಅವನಿಗೆ 'ಔಟ್ ಸುಧಾಕರ' ಎಂದು ಹೆಸರು ಬಿತ್ತು. ಆ ವರ್ಷವೇ ಅವನು ಆಟ ಬಿಟ್ಟ. ಗದ್ದೆ ತೋಟ ಇದ್ದ ಮನೆತನದವರು, ಅಪ್ಪ ಫಳ್ನೀರಿನಲ್ಲಿ ಹೋಟೆಲ್ ಹಾಕಿಕೊಟ್ಟರು. ಬೋರ್ಡಿನಲ್ಲಿ ದೇವರ ಹೆಸರುಂಟು, ಜನ ಮಾತ್ರ "ಔಟಿನ ಹೋಟೆಲಿನಲ್ಲಿ ಗೋಳಿಬಜೆ ಒಳ್ಳೆದುಂಟು" ಎಂದೇ ಹೇಳುವುದು. ಮದುವೆ ಮನೆಯಲ್ಲಿ ಅವನು ಕೈ ತೊಳೆದು ಚೊಂಬು ಇಟ್ಟರೂ "ಓಯ್, ಔಟ್ ಹೋದೀತು, ನೋಡಿ ಇಡು" ಎನ್ನುವವರು ಇದ್ದರು. ನಾನು ಅಂಥ ಕಡೆಯೆಲ್ಲ ಪಾಯಸ ಬಡಿಸುವ ನೆಪ ಮಾಡಿ ಒಳಗೆ ಹೋಗುತ್ತಿದ್ದೆ.

ಟೈಪ್ ನಿಂತ ದಿನ ಸಂಜೆ ಶ್ರಾವ್ಯ ಬಂದು ಬ್ಯಾಗು ಎಸೆದಳು. "ಅಜ್ಜಿ, ನಮ್ಮ ಗೋಲ್‌ಕೀಪರ್ ದಿಶಾ ಇದ್ದಾಳಲ್ಲ, ಮೊದಲ ಕಪ್ಪಿನ ಮ್ಯಾಚಿನೊಟ್ಟಿಗೆ ಅವಳ ಅಜ್ಜ ಸುಧಾಕರ್ ಅವ್ರ ಹೆಸ್ರೂ ಗೋಡೆಗೆ ಹಾಕ್ತಾರಂತೆ. ಔಟ್ ಹೊಡೆದವ ಅಂತ. ಅವಳು ಟೀಮಿಗೆ ಬರುದಿಲ್ಲ ಅಂತ ಅಳ್ತಿದ್ದಾಳೆ. ಅವಳ ಅಜ್ಜ ಇಷ್ಟರವರೆಗೆ ಒಂದು ಮ್ಯಾಚಿಗೂ ಬರ್ಲಿಲ್ಲ, ಗೊತ್ತುಂಟಾ? ಗ್ರೌಂಡಿಗೆ ಬಂದ್ರೆ ಎಲ್ರೂ ನಗಾಡ್ತಾರಂತೆ."

"ಯಾವಾಗ ಬರೆಯುದಂತೆ ಗೋಡೆಗೆ?"

"ಸೋಮವಾರ."

ಅದು ಗುರುವಾರ. ನಲವತ್ತೈದು ವರ್ಷ ಬಾಯಿಂದ ಬಾಯಿಗೆ ಹೋದದ್ದು ಬೇರೆ, ಗೋಡೆಯ ಮೇಲೆ ಪೈಂಟಿನಲ್ಲಿ ಬರುವುದು ಬೇರೆ. ಆ ಹುಡುಗಿ ದಿನಾ ಅದರ ಎದುರಿನಿಂದಲೇ ಕ್ಲಾಸಿಗೆ ಹೋಗಬೇಕು.

ಶುಕ್ರವಾರ ಸಿಟಿ ಬಸ್ಸು ಹತ್ತಿ ಫಳ್ನೀರಿಗೆ ಹೋದೆ. ಸುಧಾಕರ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದ. ತಲೆಯೆಲ್ಲ ಬಿಳಿ, ಹೊಟ್ಟೆ ಗುಂಡಗೆ, ಆ ಸಪೂರದ ಹುಡುಗ ಎಲ್ಲೂ ಕಾಣಲಿಲ್ಲ.

"ಓ, ಅಮ್ಮ! ಬನ್ನಿ, ಕೂತ್ಕೊಳ್ಳಿ. ಮಾಸ್ಟ್ರು ಹೇಗಿದ್ದಾರೆ? ಗೋಳಿಬಜೆ ಬಿಸಿ ಉಂಟು."

"ಗೋಳಿಬಜೆ ಆಮೇಲೆ. ಸುಧಾಕರ, ನೀನು ಹೊಡೆದದ್ದು ಗೋಲು."

ಅವನು ನಕ್ಕ. ವೃದ್ಧೆಗೆ ಏನೋ ಆಗಿದೆ ಎಂದುಕೊಂಡಿರಬೇಕು. ನಾನು ಅಂಜಲಿನಿಂದ ಹಿಡಿದು ಲಾಡಿಯವರೆಗೆ ಎಲ್ಲ ಹೇಳಿದೆ, ಲಾಡಿಯ ವಿಷಯ ಮಾತ್ರ ಸಪ್ಲೈಯರ್ ಆಚೆ ಹೋದ ಮೇಲೆ ಹೇಳಿದೆ. ಅವನು ಎದುರಿನ ಕುರ್ಚಿಯಲ್ಲಿ ಕೂತ. ಬಹಳ ಹೊತ್ತು ಮೇಜು ಒರೆಸುವ ಬಟ್ಟೆಯಿಂದ ಒಂದೇ ಜಾಗ ಒರೆಸಿದ.

"ಅಮ್ಮ, ಅದು ಒಳಗೆ ಹೋದದ್ದು ನಾನು ಕಣ್ಣಾರೆ ನೋಡಿದ್ದೇನೆ," ಎಂದ. "ಎರಡು ದಿನ ಎಲ್ರ ಹತ್ರ ಹೇಳಿದೆ. ಎಲ್ರೂ ಔಟ್ ಅಂದ್ರು. ಮೂರನೇ ದಿನ ನಂಗೇ ಡೌಟ್ ಬಂತು. ಆಮೇಲೆ ಇಷ್ಟು ವರ್ಷ ಕಣ್ಣು ಮುಚ್ಚಿದ್ರೆ ಆ ಬಾಲ್ ಹೊರಗೇ ಹೋಗುದು ಕಾಣ್ತದೆ."

ಬೈದಿದ್ದರೆ ಚೆನ್ನಾಗಿತ್ತು. ನಾನು ಕಣ್ಣು ಒರೆಸಿಕೊಂಡೆ. ಅಷ್ಟರಲ್ಲಿ ಒಳಗಿಂದ ಎಲ್ಲ ಕೇಳಿಸಿಕೊಂಡ ಅವನ ಹೆಂಡತಿ ಗೋಳಿಬಜೆಯ ತಟ್ಟೆ ತಂದು ಕುಕ್ಕಿದಳು. "ಆ ಗೋಲು ಆಗಿದ್ರೆ ಇವ್ರು ಬಾಲ್ ಹಿಂದೆ ಓಡ್ಕೊಂಡು ಎಲ್ಲಿಗೋ ಹೋಗ್ತಿದ್ರು, ನಂಗೆ ಬೇರೆ ಯಾರಾದ್ರೂ ಸಿಕ್ತಿದ್ರು. ಎಂತ ಮಾಡಿ ಬಿಟ್ರಿ ಅಮ್ಮ!" ಎಂದಳು. ಸುಧಾಕರ ಆಗ ನಕ್ಕ. ಆಮೇಲೆ ಕೇಳಿದ, "ಮಾಸ್ಟ್ರಿಗೆ ಗೊತ್ತುಂಟಾ?"

ಗೊತ್ತಿರಲಿಲ್ಲ. ಮಾಸ್ಟ್ರಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಕಪ್ಪನ್ನು ಅವರು ಮಕ್ಕಳಿಗಿಂತ ಹೆಚ್ಚು ಒರೆಸಿದ್ದಾರೆ. ಮಧ್ಯಾಹ್ನ ಊಟ ಬಡಿಸಿ, ಬಾಗಿಲ ಹತ್ತಿರ ನಿಂತುಕೊಂಡು, ಓಡಿಹೋಗಲು ಅನುಕೂಲವಾಗುವಂತೆ, ಎಲ್ಲ ಹೇಳಿದೆ. ಅವರು ಅನ್ನ ಕಲಸಿದ ಕೈ ಹಾಗೇ ಹಿಡಿದು ಕೂತರು. ಬೈಯಲಿಲ್ಲ. ಪ್ಲಾನಿನ ವಿಷಯವನ್ನೂ ಎತ್ತಲಿಲ್ಲ. ಕೈ ತೊಳೆದು ಹೋಗಿ ಮಲಗಿದರು. ಸಂಜೆ ನಾಲ್ಕಕ್ಕೆ ಎದ್ದು, ಬಿಳಿ ಪ್ಯಾಂಟು ಬಿಳಿ ಶರಟು ಹಾಕಿ, ಶಾಲೆಗೆ ಹೋಗಿ, ಹೆಡ್‌ಮಿಸ್ಟ್ರೆಸ್ಸಿನ ಹತ್ತಿರ ಕಪಾಟಿನ ಬೀಗದ ಕೈ ಕೇಳಿದರಂತೆ. ಕಪ್ಪನ್ನು ಮೈ ಒರೆಸುವ ಬೈರಾಸಿನಲ್ಲಿ ಸುತ್ತಿಕೊಂಡು ಆಟೋದಲ್ಲಿ ಫಳ್ನೀರಿಗೆ ಹೋದರಂತೆ. ಇಷ್ಟು ವರ್ಷದಲ್ಲಿ ಅವರನ್ನು ನಾನು ಕಡಿಮೆ ಅಂದಾಜು ಮಾಡಿದ್ದೆ.

ಸುಧಾಕರ ಕಪ್ ಮುಟ್ಟಲಿಲ್ಲವಂತೆ. "ಇದು ಬೇಡ ಸಾರ್. ಒಂದು–ಒಂದು ಅಂತಾದ್ರೆ ಮ್ಯಾಚ್ ಮುಗಿಯಲಿಲ್ಲ. ನಂಗೆ ಒಂದು ಕಿಕ್ ಕೊಡಿ, ಸಾಕು," ಎಂದನಂತೆ.

ಹಾಗೆ ಸೋಮವಾರ ಬೆಳಿಗ್ಗೆ ಅಸೆಂಬ್ಲಿ ಮುಗಿದ ಮೇಲೆ ಇಡೀ ಶಾಲೆ ಮೈದಾನದ ಸುತ್ತ ನಿಂತಿತು. ಗೋಲಿಗೆ ಈಗ ಅಂಗಡಿಯ ಹೊಸ ಬಲೆ, ವಾಸನೆಯಿಲ್ಲ, ಒಂದು ಕಾಗೆಯೂ ಬರಲಿಲ್ಲ. ಮೊದಲು ನಾನು ಮೈಕಿನ ಎದುರು ನಿಂತು, ಆವತ್ತು ಸುಧಾಕರ ಹೊಡೆದದ್ದು ಗೋಲು, ಸುಳ್ಳು ಹೇಳಿದ್ದು ನಾನು ಎಂದು ಹೇಳಿದೆ. ಲಾಡಿಯನ್ನು 'ಒಂದು ದಾರ' ಎಂದೆ. ಶ್ರಾವ್ಯ ಎಲ್ಲರಿಗೂ ಮೊದಲೇ ಸರಿಯಾಗಿ ಹೇಳಿಬಿಟ್ಟಿದ್ದಳೆಂದು ಹುಡುಗಿಯರ ನಗುವಿನಿಂದ ಗೊತ್ತಾಯಿತು. ಹೆಡ್‌ಮಿಸ್ಟ್ರೆಸ್ ಗೋಡೆಯ ಬರಹವನ್ನು 'ಒಂದು–ಒಂದು' ಎಂದು ತಿದ್ದಿಸಲು ಒಪ್ಪಿದರು, ಅದರ ಕೆಳಗಿನ ಸಾಲಿನಲ್ಲಿ 'ಗೋಲು' ಎಂದು ಬರೆಯುವುದೋ 'ಔಟ್' ಎಂದೋ ಎಂಬುದು ಮಾತ್ರ ಈ ಕಿಕ್ಕಿನ ಮೇಲೆ ನಿಂತಿತು. ಪೈಂಟರ್ ಬ್ರಶ್ ಅದ್ದಿಕೊಂಡು ಜಗಲಿಯಲ್ಲಿ ಕಾಯುತ್ತಿದ್ದ.

ಗೋಲಿನಲ್ಲಿ ದಿಶಾ ನಿಂತಳು. "ಅಜ್ಜ, ನಾನು ಬಿಡುದಿಲ್ಲ, ಈಗ್ಲೇ ಹೇಳ್ತೇನೆ!" ಎಂದಳು. ಮಾಸ್ಟ್ರು ಸೀಟಿ ಬಾಯಿಗಿಟ್ಟರು. ನನ್ನನ್ನು ಬಲೆಯ ಹಿಂದೆ, ಅದೇ ಬಲಗಡೆ ಮೂಲೆಯಲ್ಲಿ, ಕುರ್ಚಿ ಹಾಕಿ ಕೂರಿಸಿದ್ದರು. ಸುಧಾಕರ ಚಪ್ಪಲಿ ಬಿಟ್ಟ, ಪಂಚೆ ಎತ್ತಿ ಕಟ್ಟಿದ, ಹಿಂದೆ ಹೋದ, ಇನ್ನೂ ಹಿಂದೆ ಹೋದ. ಅವನ ಹೆಂಡತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಮಾಸ್ಟ್ರು ಸೀಟಿ ಊದಿದರು. ಅವನು ಓಡಿ ಬಂದ. ಸತ್ಯ ಹೇಳುತ್ತೇನೆ, ಎರಡು ಹೆಜ್ಜೆ ಆ ಸಪೂರದ ಹುಡುಗನೇ ಓಡಿದ ಹಾಗೆ ಕಂಡಿತು. ಒದ್ದ. ಚೆಂಡು ಕಂಬದಿಂದ ಒಂದು ಗಜ ಆಚೆ ಹೋಗಿ, ನನ್ನ ಕುರ್ಚಿಯನ್ನು ದಾಟಿ, ಹೆಡ್‌ಮಿಸ್ಟ್ರೆಸ್ಸಿನ ಸ್ಕೂಟರನ್ನು ಬೀಳಿಸಿತು.

ಮಾಸ್ಟ್ರು ಮೆಲ್ಲನೆ ಗೋಲಿನ ಹತ್ತಿರ ನಡೆದು ಬಂದು ನನ್ನ ಮುಖ ನೋಡಿದರು. "ಹತ್ರ ಇದ್ದದ್ದು ನೀನು. ಹೇಳು, ಒಳಗಾ, ಹೊರಗಾ?"

ನನ್ನ ನಾಲಗೆಯ ತುದಿಗೆ 'ಒಳಗೆ' ಎಂಬುದು ಬಂದು ಕೂತಿತ್ತು. ಎಷ್ಟು ಸುಲಭ! ಆದರೆ ಇನ್ನೊಂದು ಸುಳ್ಳು ಹೇಳುವ ವಯಸ್ಸಲ್ಲ, ಮೇಲಾಗಿ ನಾನೂರು ಮಕ್ಕಳು ನೋಡುತ್ತಿದ್ದರು.

"ಹೊರಗೆ," ಎಂದೆ.

ಸುಧಾಕರ ಏದುಸಿರು ಬಿಡುತ್ತ, ಪಂಚೆ ಇಳಿಸುತ್ತ, ಜಗಲಿಯ ಪೈಂಟರಿಗೂ ಕೇಳುವ ಹಾಗೆ ಕೂಗಿದ: "ಅಮ್ಮ ಹೊರಗೆ ಅಂದ್ರೆ ಅದು ಒಳಗೆ ಅಂತ ಈಗ ಇಡೀ ಮಂಗಳೂರಿಗೆ ಗೊತ್ತುಂಟು. ನೀನು ಗೋಲು ಅಂತ ಬರಿ ಮಾರಾಯ!"